ಒಂದೇ ವಾರ್ಮ್-ಅಪ್, ಬೇರೆ ಬೇರೆ ವಯಸ್ಸು: ಮಂಡಿ ಕಾಪಾಡುವ ತರಬೇತಿ ಎಲ್ಲರಲ್ಲೂ ಒಂದೇ ಥರ ಯಾಕೆ ಫಲ ಕೊಡುವುದಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಾನು ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಕೋಚ್. ತಂಡದಲ್ಲಿ 11ರಿಂದ 16 ವರ್ಷದ ಮಕ್ಕಳಿದ್ದಾರೆ. ಮಂಡಿಗೆ ಪೆಟ್ಟಾಗದಂತೆ ತಡೆಯುವ 'ಫಿಫಾ 11+' ವಾರ್ಮ್-ಅಪ್ ಅನ್ನು ಈ ಸೀಸನ್ ಪೂರ್ತಿ ಎಲ್ಲರಿಗೂ ಒಂದೇ ರೀತಿ ಮಾಡಿಸಿದೆ. ಎರಡು ತಿಂಗಳಲ್ಲಿ 11–12ರ ಮಕ್ಕಳು ನೆಗೆದು ಇಳಿಯುವ ರೀತಿಯೇ ಬದಲಾಯಿತು. 15ರವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇಳಿಯುವಾಗ ಅವರ ಮಂಡಿ ಈಗಲೂ ಒಳಕ್ಕೆ ವಾಲುತ್ತದೆ. ಅವರಲ್ಲೇ ಒಬ್ಬಳಿಗೆ, ಯಾರೂ ತಾಗದೆ, ಓಡುತ್ತಾ ದಿಕ್ಕು ಬದಲಿಸುವಾಗ ಎಸಿಎಲ್ ಹರಿಯಿತು. ಈಗ ಪೋಷಕರು 'ಇಷ್ಟು ದಿನ ಮಾಡಿಸಿದ್ದು ಸುಮ್ನೆ ಅಲ್ವಾ?' ಎಂದು ಕೇಳುತ್ತಿದ್ದಾರೆ. ನನ್ನ ಮಗಳಿಗೂ 12 ವರ್ಷ. ಈ ಒಂದು ವರ್ಷದಲ್ಲಿ ಸರಸರನೆ ಉದ್ದ ಆಗಿದ್ದಾಳೆ, ಮಂಡಿಚಿಪ್ಪಿನ ಕೆಳಗೆ ನೋವು ಅಂತಾಳೆ. ಈ ತರಬೇತಿ ಚಿಕ್ಕವರಿಗೆ ಮಾತ್ರ ಕೆಲಸ ಮಾಡುತ್ತದೆಯೇ? ದೊಡ್ಡವರಿಗೆ ಏನು ಮಾಡಿಸಲಿ? ನೀ-ಕ್ಯಾಪ್ ಹಾಕಿಸಿದರೆ ಸಾಕೇ?

ಉತ್ತರ: ನೀವು ಮಾಡಿಸಿದ್ದು ವ್ಯರ್ಥವಾಗಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ನೀವು ಕಣ್ಣಾರೆ ಕಂಡಿದ್ದೂ ನಿಜ, ಪೋಷಕರ ಬೇಸರವೂ ಸಹಜ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಸೇರಿಕೊಂಡಿವೆ. ಮಗು ನೆಗೆದು ಇಳಿಯುವ ರೀತಿ ಬದಲಾಗುವುದು ಒಂದು. ಗಾಯ ಕಡಿಮೆಯಾಗುವುದು ಇನ್ನೊಂದು. ಇವೆರಡೂ ಒಂದೇ ವಯಸ್ಸಿನಲ್ಲಿ, ಒಂದೇ ವೇಗದಲ್ಲಿ ಆಗುವುದಿಲ್ಲ.

ಮೊದಲು ಆ ಹುಡುಗಿಯ ವಿಷಯ. ಎಸಿಎಲ್ ಮಂಡಿಯೊಳಗಿನ ಒಂದು ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಗಟ್ಟಿ ಪಟ್ಟಿ. ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದು ಅದರ ಕೆಲಸ. ಅದು ಹರಿಯುವ ಹತ್ತು ಪ್ರಕರಣಗಳಲ್ಲಿ ಸುಮಾರು ಏಳರಲ್ಲಿ ಯಾರೂ ಬಂದು ಗುದ್ದಿರುವುದಿಲ್ಲ. ನೆಗೆದು ಇಳಿಯುವಾಗ, ಗಕ್ಕನೆ ನಿಲ್ಲುವಾಗ, ದಿಕ್ಕು ಬದಲಿಸುವಾಗ ಆಗುವ ಗಾಯ ಅದು. ಮಂಡಿ ಹೆಚ್ಚು ಮಡಚಿರುವುದಿಲ್ಲ, ಒಳಕ್ಕೆ ವಾಲಿರುತ್ತದೆ, ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದಿರುತ್ತದೆ. ಗಾಯದ ವಿಡಿಯೋಗಳನ್ನು ಚಿತ್ರ ಚಿತ್ರವಾಗಿ ಬಿಡಿಸಿ ನೋಡಿದ ಸಂಶೋಧಕರ ಪ್ರಕಾರ, ಪಾದ ನೆಲ ಮುಟ್ಟಿ 40–50 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಅಷ್ಟು ಹೊತ್ತಿನಲ್ಲಿ ಯಾರಿಗೂ ಯೋಚಿಸಿ ಕಾಲು ಸರಿಮಾಡಿಕೊಳ್ಳಲು ಆಗುವುದಿಲ್ಲ. ಪಾದ ನೆಲ ಮುಟ್ಟುವ ಮೊದಲೇ ಸ್ನಾಯುಗಳು ತಯಾರಾಗಿರಬೇಕು. ಅಂದರೆ ಈ ತರಬೇತಿ ಕಲಿಸುವುದು ಒಂದು ಅಭ್ಯಾಸವನ್ನು. ಅಭ್ಯಾಸ ಎಷ್ಟು ಬೇಗ ಕೂರುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬುದು ಮೈ ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಂತಿದೆ. ವಯಸ್ಸಿನ ಪ್ರಕಾರ ಫಲ ಬೇರೆಯಾಗುವುದು ಇಲ್ಲೇ.

ಈಗ ಪೋಷಕರ ಪ್ರಶ್ನೆಗೆ ಬರೋಣ. ಸ್ವೀಡನ್‌ನಲ್ಲಿ 12ರಿಂದ 17 ವರ್ಷದ 4,500ಕ್ಕೂ ಹೆಚ್ಚು ಫುಟ್‌ಬಾಲ್ ಹುಡುಗಿಯರನ್ನು ಒಂದು ಸೀಸನ್ ಗಮನಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ಬಾರಿ, ಸುಮಾರು 15 ನಿಮಿಷದ ವಾರ್ಮ್-ಅಪ್ ಮಾಡಿದ ತಂಡಗಳಲ್ಲಿ ಎಸಿಎಲ್ ಗಾಯ 64% ಕಡಿಮೆಯಾಗಿತ್ತು. ತಪ್ಪದೆ ಮಾಡಿದವರಲ್ಲಿ ಇನ್ನೂ ಕಡಿಮೆ. ವಯಸ್ಸು ನೋಡಿ: ನಿಮ್ಮ 15ರ ಹುಡುಗಿಯರೂ ಅದರಲ್ಲಿ ಬರುತ್ತಾರೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ, ಹದಿವಯಸ್ಸಿನ ನಡುಭಾಗದ ಹುಡುಗಿಯರಲ್ಲೇ ಲಾಭ ಅತಿ ಹೆಚ್ಚು. ಇಪ್ಪತ್ತು ದಾಟಿದ ಮೇಲೆ ಶುರುಮಾಡಿದವರಲ್ಲಿ ಅಷ್ಟು ಸ್ಪಷ್ಟ ಲಾಭ ಕಾಣುವುದಿಲ್ಲ. ಹಾಗಾಗಿ 'ಇದು ಚಿಕ್ಕವರಿಗೆ ಮಾತ್ರ' ಎಂಬುದು ಸರಿಯಲ್ಲ.

ಆದರೆ 64% ಕಡಿಮೆ ಅಂದರೆ ಸೊನ್ನೆ ಅಲ್ಲ. ಇದನ್ನು ಪೋಷಕರಿಗೆ ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಎಸಿಎಲ್ ಹರಿಯುವುದು ತೀರಾ ಸಾಮಾನ್ಯ ಗಾಯವೇನಲ್ಲ. ನೂರರ ಆಸುಪಾಸಿನಷ್ಟು ಹುಡುಗಿಯರು ಒಂದು ಸೀಸನ್ ಪೂರ್ತಿ ತರಬೇತಿ ಮಾಡಿದರೆ, ಇಲ್ಲವಾದರೆ ಹರಿಯುತ್ತಿದ್ದ ಒಬ್ಬಳ ಎಸಿಎಲ್ ಹರಿಯದೆ ಉಳಿಯುತ್ತದೆ ಎಂಬುದು ಸರಿಸುಮಾರು ಲೆಕ್ಕ. ಇಪ್ಪತ್ತು ಮಕ್ಕಳ ಒಂದು ತಂಡದಲ್ಲಿ, ಒಂದೇ ಸೀಸನ್‌ನಲ್ಲಿ ಈ ಲಾಭ ಕಣ್ಣಿಗೆ ಬೀಳುವುದಿಲ್ಲ. ಗಾಯವಾದ ಹುಡುಗಿ ಎಲ್ಲರಿಗೂ ಕಾಣುತ್ತಾಳೆ. ಗಾಯದಿಂದ ತಪ್ಪಿಸಿಕೊಂಡವಳು ಯಾರು ಅಂತ ಅವಳಿಗೇ ಗೊತ್ತಿರುವುದಿಲ್ಲ. ಆ ಹುಡುಗಿಗಾದದ್ದು ನೋವಿನ ಸಂಗತಿಯೇ. ಆದರೆ ತರಬೇತಿ ಸೋತಿತು ಅನ್ನಲು ಅದೊಂದೇ ಸಾಕ್ಷಿಯಾಗುವುದಿಲ್ಲ.

ಇನ್ನು ನೀವು ಕಂಡ ವ್ಯತ್ಯಾಸ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 10–12 ವರ್ಷದ ಮತ್ತು 14–18 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಇದೇ 11+ ಮಾಡಿಸಿ, ಮುಂಚೆ ಮತ್ತು ಆಮೇಲೆ ಕ್ಯಾಮೆರಾಗಳ ಮುಂದೆ ನೆಗೆಸಿ, ಓಡಿಸಿ ಅಳೆದರು. ನೀವು ಕಂಡದ್ದೇ ಅಲ್ಲೂ ಕಂಡಿತು. ಎರಡು ಕಾಲಲ್ಲಿ ನೆಗೆದು ಇಳಿಯುವಾಗ ಮಂಡಿಯನ್ನು ಒಳಕ್ಕೆ ತಳ್ಳುವ ಬಲ ಚಿಕ್ಕವರಲ್ಲಿ ಚೆನ್ನಾಗಿ ಇಳಿಯಿತು. ದೊಡ್ಡವರಲ್ಲಿ ಅಷ್ಟು ಇಳಿಯಲಿಲ್ಲ. ಆದರೆ ಅದರ ಇನ್ನೊಂದು ಮುಖ ಬಿಟ್ಟುಹೋಗಬಾರದು: ಶುರುವಿನಲ್ಲಿ ಚಿಕ್ಕವರು ಇಳಿಯುತ್ತಿದ್ದ ರೀತಿಯೇ ಹೆಚ್ಚು ಕೆಟ್ಟದಾಗಿತ್ತು. ಸುಧಾರಿಸಲು ಅವರಿಗೆ ಜಾಗ ಜಾಸ್ತಿ ಇತ್ತು. ಇನ್ನೊಂದು ಅಧ್ಯಯನದಲ್ಲಿ ಇದಕ್ಕೆ ತಿರುವುಮುರುವು ಫಲಿತಾಂಶ ಬಂದಿದೆ. ಅಲ್ಲಿ ಹೈಸ್ಕೂಲ್ ವಯಸ್ಸಿನವರೇ ಚಿಕ್ಕವರಿಗಿಂತ ಹೆಚ್ಚು ಸುಧಾರಿಸಿದರು. ಅಲ್ಲೂ ಒಂದು ಮಾತು ಮಾತ್ರ ಹಾಗೇ ಉಳಿಯಿತು: ಮೊದಲು ಯಾರ ರೀತಿ ಹೆಚ್ಚು ತಪ್ಪಾಗಿತ್ತೋ ಅವರೇ ಹೆಚ್ಚು ಬದಲಾದರು. ಹಾಗಾಗಿ ಬರ್ತ್‌ಡೇ ಲೆಕ್ಕಕ್ಕಿಂತ, ಮಗು ಎಲ್ಲಿಂದ ಶುರುಮಾಡಿತು, ಏನು ಮಾಡಿಸಿದಿರಿ, ಎಷ್ಟು ಗಮನ ಕೊಟ್ಟು ಮಾಡಿತು ಎಂಬುದೇ ಮುಖ್ಯ ಎಂದು ನಾನು ನಂಬುತ್ತೇನೆ.

11–12ರ ಮಕ್ಕಳಲ್ಲಿ ಎಸಿಎಲ್ ಹರಿಯುವುದೇ ಅಪರೂಪ. ಅವರ ಇಳಿಯುವ ರೀತಿ ಎಷ್ಟೇ ಚೆಂದವಾದರೂ ಆ ವರ್ಷದ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಕಾಣುವುದಿಲ್ಲ. 15ರವರಲ್ಲಿ ಗಾಯವೇ ಹೆಚ್ಚು. ಅವರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಧಾರಣೆಯೂ ಒಂದು ಮಂಡಿ ಉಳಿಸಬಹುದು.

ಈ ನಾಲ್ಕೈದು ವರ್ಷಗಳಲ್ಲಿ ಮೈಯೊಳಗೆ ಏನಾಗುತ್ತದೆ? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಿಮ್ಮ ಮಗಳೂ ಈಗ ಇಲ್ಲೇ ಇದ್ದಾಳೆ. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 12ರ ಹೊತ್ತಿಗೆ, ಹುಡುಗರು 14ರ ಹೊತ್ತಿಗೆ. ಆ ವರ್ಷ 8–9 ಸೆಂ.ಮೀ. ಬೆಳೆಯುವುದು ಸಾಮಾನ್ಯ. ಕಾಲು ಉದ್ದವಾಗುವುದರಲ್ಲಿ ಸುಮಾರು ಮೂರನೇ ಎರಡು ಭಾಗ ಮಂಡಿಯ ಮೇಲಿನ ಮತ್ತು ಕೆಳಗಿನ ಬೆಳವಣಿಗೆ ಪದರಗಳಲ್ಲೇ ಆಗುತ್ತದೆ. ಮೂಳೆ ಉದ್ದವಾಗುತ್ತದೆ, ತೂಕ ಏರುತ್ತದೆ, ಮೈಭಾರದ ಕೇಂದ್ರ ಮೇಲೆ ಹೋಗುತ್ತದೆ. ಸ್ನಾಯುವಿನ ಬಲ ತಕ್ಷಣ ಜೊತೆಗೆ ಬರುವುದಿಲ್ಲ, ಒಂದಷ್ಟು ತಿಂಗಳು ಹಿಂದೆ ಉಳಿಯುತ್ತದೆ. ಹೋದ ವರ್ಷ ಕಲಿತ ಕಾಲಿನ ಅಳತೆ ಈ ವರ್ಷಕ್ಕೆ ಹೊಂದುವುದಿಲ್ಲ. ಕಳೆದ ಸೀಸನ್ ಚೆನ್ನಾಗಿ ಆಡಿದವಳು ಈಗ ಎಡವುತ್ತಾಳೆ, ಒಡ್ಡೊಡ್ಡಾಗಿ ಓಡುತ್ತಾಳೆ. ಅದು ಸೋಮಾರಿತನ ಅಲ್ಲ. ದಯವಿಟ್ಟು ಆ ಮಕ್ಕಳನ್ನು ಬೈಯಬೇಡಿ.

ಇದರ ಮುಂದೆ ಹುಡುಗ ಹುಡುಗಿಯರ ದಾರಿ ಬೇರೆಯಾಗುತ್ತದೆ. ಎತ್ತರದ ಹಿಂದೆಯೇ ಹುಡುಗರಿಗೆ ಬಲ ಮತ್ತು ನೆಗೆತ ತಾನಾಗಿಯೇ ದೊಡ್ಡ ಪ್ರಮಾಣದಲ್ಲಿ ಏರುತ್ತದೆ. ಹುಡುಗಿಯರಲ್ಲಿ ಆ ಏರಿಕೆ ಕಡಿಮೆ. ಉದ್ದದ ಕಾಲು, ಹೆಚ್ಚಿದ ತೂಕ, ಆದರೆ ಸೊಂಟ ಮತ್ತು ತೊಡೆಯ ಹಿಂಭಾಗದಲ್ಲಿ ಅದಕ್ಕೆ ತಕ್ಕ ಬಲ ಇಲ್ಲ. ಮಂಡಿ ಒಳಕ್ಕೆ ವಾಲುವುದು ಈ ಹಂತದಲ್ಲೇ ಹೆಚ್ಚುತ್ತದೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಎಸಿಎಲ್ ಗಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಸೊಂಟದ ಅಗಲ, ಹಾರ್ಮೋನು ಅಂತ ತುಂಬಾ ಚರ್ಚೆ ನಡೆಯುತ್ತದೆ. ಅವು ನಮ್ಮ ಕೈಯಲ್ಲಿ ಇಲ್ಲ. ಬಲ ನಮ್ಮ ಕೈಯಲ್ಲಿದೆ. ಹುಡುಗರಿಗೆ ಜಿಮ್ ಸಹಜ, ಹುಡುಗಿಯರಿಗೆ ಬೇಡ ಎಂಬ ನಮ್ಮ ರೂಢಿಯೂ ಈ ಮಂಡಿಗಳ ಮೇಲೆ ಹೊರೆಯಾಗುತ್ತಿದೆ ಎಂದು ನನಗೆ ಅನಿಸುತ್ತದೆ.

ನಿಮ್ಮ 15ರವರು ಯಾಕೆ ಬದಲಾಗಲಿಲ್ಲ ಎಂಬುದಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಅವರು ಈಗ ಎಷ್ಟನೇ ಹಂತದಲ್ಲಿದ್ದಾರೆ? 11+ರ ನಡುವಿನ ಭಾಗದಲ್ಲಿ ಬಲ, ನೆಗೆತ, ಸಮತೋಲನದ ಆರು ವ್ಯಾಯಾಮಗಳಿವೆ. ಪ್ರತಿಯೊಂದಕ್ಕೂ ಮೂರು ಹಂತ. ಎಷ್ಟೋ ತಂಡಗಳು ಸೀಸನ್ ಪೂರ್ತಿ ಮೊದಲ ಹಂತದಲ್ಲೇ ಉಳಿದುಬಿಡುವುದನ್ನು ನಾನು ನೋಡುತ್ತಾ ಬಂದಿದ್ದೇನೆ. 11 ವರ್ಷದವಳಿಗೆ ಮೊದಲ ಹಂತವೇ ಸವಾಲು. ಎಂಟು ವರ್ಷ ಆಡಿದ 15ರವಳಿಗೆ ಅದು ಮೈ ಬೆಚ್ಚಗಾಗಲು ಮಾತ್ರ ಸಾಕು. ಸವಾಲು ಇಲ್ಲದ ಕಡೆ ಸ್ನಾಯು ಬಲಿಯುವುದೂ ಇಲ್ಲ, ಮೆದುಳು ಗಮನ ಕೊಡುವುದೂ ಇಲ್ಲ. ಅವರು ಮಾತಾಡಿಕೊಂಡು, ಅರ್ಧಂಬರ್ಧ ಮಾಡಿ ಮುಗಿಸುತ್ತಿದ್ದರೆ ಆಶ್ಚರ್ಯವಿಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ನಾರ್ವೆಯ ಎರಡು ಪ್ರಯೋಗಗಳಿವೆ. ಎರಡರಲ್ಲೂ 13ರಿಂದ 17ರ ಫುಟ್‌ಬಾಲ್ ಹುಡುಗಿಯರೇ. 2005ರ ಸೀಸನ್‌ನಲ್ಲಿ ಹಳೆಯ 'ದಿ 11' ಕಾರ್ಯಕ್ರಮವನ್ನು ಪರೀಕ್ಷಿಸಿದಾಗ ಗಾಯಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ತಂಡಗಳು ಅದನ್ನು ಸರಿಯಾಗಿ ಮಾಡಿಯೂ ಇರಲಿಲ್ಲ. ಅದನ್ನು ತಿದ್ದಿ, ಓಟ ಸೇರಿಸಿ, ಹಂತಗಳನ್ನು ಕೂಡಿಸಿ, ಜೋಡಿಯಾಗಿ ಮಾಡುವಂತೆ ಬದಲಿಸಿ 11+ ಮಾಡಿದರು. 2007ರ ಸೀಸನ್‌ನಲ್ಲಿ ಅದನ್ನು ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. ಅದೇ ದೇಶ, ಅದೇ ವಯಸ್ಸು. ಬದಲಾದದ್ದು ಏನು ಮಾಡಿಸಿದರು, ಎಷ್ಟು ನಿಯಮಿತವಾಗಿ ಮಾಡಿಸಿದರು ಎಂಬುದು.

ನಿಮ್ಮ ಮುಂದೆ ಈಗ ಮೂರು ದಾರಿಗಳಿವೆ. ಎಲ್ಲರಿಗೂ ಹೀಗೇ ಒಂದೇ ಥರ ಮುಂದುವರಿಸುವುದು ಸುಲಭ, ಆದರೆ ದೊಡ್ಡವರಿಗೆ ಸಾಲದು. ವಯಸ್ಸಿನ ಪ್ರಕಾರ ಎರಡು ಗುಂಪು ಮಾಡುವುದು ಅದಕ್ಕಿಂತ ವಾಸಿ. ಆದರೆ 13ರ ಇಬ್ಬರಲ್ಲಿ ಒಬ್ಬಳ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ, ಇನ್ನೊಬ್ಬಳದು ಶುರುವೇ ಆಗಿರುವುದಿಲ್ಲ. ನಾನು ಹೇಳುವುದು ಮೂರನೆಯದು: ಬೆಳವಣಿಗೆಯ ಪ್ರಕಾರ ನೋಡುವುದು. ದೊಡ್ಡ ಉಪಕರಣ ಏನೂ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಒಂದೇ ಗೋಡೆಯ ಬಳಿ ಎತ್ತರ ಅಳೆದು ಬರೆದಿಡಿ. ಯಾರ ಎತ್ತರ ದಿಢೀರನೆ ಏರುತ್ತಿದೆ ಎಂದು ಗೊತ್ತಾಗುತ್ತದೆ. ತೂಕ ಬರೆಯಬೇಡಿ, ಎಲ್ಲರೆದುರು ಸಂಖ್ಯೆ ಹೇಳಬೇಡಿ. ಈ ವಯಸ್ಸಿನ ಹುಡುಗಿಯರಿಗೆ ಅದರಿಂದ ಆಗುವ ನೋವು ಬೇರೆಯೇ.

ಇನ್ನೂ ಬೆಳವಣಿಗೆಯ ಓಟ ಶುರುವಾಗದ ಮಕ್ಕಳಿಗೆ ಆಟದ ರೂಪದಲ್ಲೇ ಕಲಿಸಿ. ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು, ನೆಗೆದು 'ಸದ್ದಾಗದಂತೆ' ಇಳಿಯುವುದು, ಸರಿಯಾಗಿ ಬೀಳುವುದನ್ನು ಕಲಿಯುವುದು, ಹಠಾತ್ ನಿಲ್ಲುವ ಆಟಗಳು. 7ರಿಂದ 13 ವರ್ಷದವರಿಗೆಂದೇ '11+ ಕಿಡ್ಸ್' ಇದೆ. ಯುರೋಪಿನ ನಾಲ್ಕು ದೇಶಗಳ ಮಕ್ಕಳಲ್ಲಿ ಅದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟು ಗಾಯಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆಯಾಗಿದ್ದವು. ಇವರು ಬೇಗ ಕಲಿಯುತ್ತಾರೆ ಎಂದು ಬೇಗ ನಿಲ್ಲಿಸುವುದೇ ದೊಡ್ಡ ಅಪಾಯ. ಮೂರು ತಿಂಗಳು ಮತ್ತು ಒಂಬತ್ತು ತಿಂಗಳು ತರಬೇತಿ ಪಡೆದ ಯುವ ಆಟಗಾರರನ್ನು ಹೋಲಿಸಿದಾಗ ಇಬ್ಬರೂ ಸುಧಾರಿಸಿದ್ದರು. ತರಬೇತಿ ನಿಲ್ಲಿಸಿ ಮೂರು ತಿಂಗಳಾದ ಮೇಲೆ ನೋಡಿದರೆ, ಒಂಬತ್ತು ತಿಂಗಳು ಮಾಡಿದವರಲ್ಲಿ ಮಾತ್ರ ಅದು ಉಳಿದಿತ್ತು. ಎರಡು ತಿಂಗಳಲ್ಲಿ ನಿಮಗೆ ಕಂಡ ಬದಲಾವಣೆ ಇನ್ನೂ ಹಸಿ ಹಸಿ. ಸೀಸನ್ ಮುಗಿಯಿತು ಅಂತ ಬಿಟ್ಟರೆ ಹೋಗಿಬಿಡುತ್ತದೆ.

ದಿಢೀರನೆ ಉದ್ದವಾಗುತ್ತಿರುವವರಿಗೆ ಹೊಸದನ್ನು ಹೇರಬೇಡಿ. ನೆಗೆತಗಳ ಸಂಖ್ಯೆ ಸ್ವಲ್ಪ ಇಳಿಸಿ, ಕಲಿತದ್ದನ್ನೇ ಹೊಸ ಕಾಲಿನಲ್ಲಿ ಮತ್ತೆ ಕಲಿಯಲು ಬಿಡಿ. ಸಮತೋಲನ, ನಿಧಾನದ ಸ್ಕ್ವಾಟ್, ಪ್ಲ್ಯಾಂಕ್ ಇರಲಿ.

ದೊಡ್ಡವರಿಗೆ ಬೇಕಾದದ್ದು ನಿಜವಾದ ಬಲ. ಒಂಟಿ ಕಾಲಿನ ಸ್ಕ್ವಾಟ್, ಲಂಜ್, ಜೊತೆಗಾತಿ ಹಿಮ್ಮಡಿ ಹಿಡಿದುಕೊಂಡಾಗ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮ, ಸೊಂಟದ ಪಕ್ಕದ ಸ್ನಾಯುಗಳಿಗೆ ಸೈಡ್ ಪ್ಲ್ಯಾಂಕ್. ಇವು ಸುಲಭವಾದ ಕೂಡಲೇ ಮುಂದಿನ ಹಂತಕ್ಕೆ ಹೋಗಲಿ. ಹೇಳಿಕೊಡುವವರು ಇದ್ದರೆ ತೂಕವನ್ನೂ ಸೇರಿಸಬಹುದು. ತೂಕ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬುದು ಸುಳ್ಳು. ಮೇಲ್ವಿಚಾರಣೆ ಇಲ್ಲದೆ, ಒಬ್ಬರಿಗೊಬ್ಬರು ಪೈಪೋಟಿ ಬಿದ್ದು ಎತ್ತುವುದು ಮಾತ್ರ ಅಪಾಯ. ನಾರ್ಡಿಕ್ ಶುರುವಿನಲ್ಲಿ ಮೈಕೈ ನೋವು ತರುತ್ತದೆ, ಹಾಗಾಗಿ ಪಂದ್ಯದ ಹಿಂದಿನ ದಿನ ಹೊಸದಾಗಿ ಆರಂಭಿಸಬೇಡಿ. ಬಲದ ಜೊತೆಗೆ, ನೀವು ಕೈ ತೋರಿಸಿದ ದಿಕ್ಕಿಗೆ ಆ ಕ್ಷಣದಲ್ಲೇ ತಿರುಗುವ ಅಭ್ಯಾಸವೂ ಇರಲಿ. ಪಂದ್ಯದಲ್ಲಿ ಯಾರೂ ಮೊದಲೇ ಹೇಳಿ ದಿಕ್ಕು ಬದಲಿಸುವುದಿಲ್ಲವಲ್ಲ. ಬರೀ ಸಮತೋಲನದ ಹಲಗೆ ಮೇಲೆ ನಿಲ್ಲಿಸುವುದರಿಂದ, ಬರೀ ಸ್ಟ್ರೆಚಿಂಗ್‌ನಿಂದ ಎಸಿಎಲ್ ಉಳಿಯುವುದಿಲ್ಲ. ಬಲ, ನೆಗೆತ, ನಡುವಿನ (ಹೊಟ್ಟೆ-ಬೆನ್ನಿನ) ಸ್ನಾಯುಗಳ ವ್ಯಾಯಾಮ, ತಿದ್ದುವ ಮಾತು, ಇವು ಒಟ್ಟಿಗೆ ಇರಬೇಕು. ವಾರಕ್ಕೆ ಎರಡು ಮೂರು ಸಲ, 20 ನಿಮಿಷದ ಹಾಗೆ.

ತಿದ್ದುವ ಮಾತು ಅಂದೆ. ಅದೂ ವಯಸ್ಸಿಗೆ ತಕ್ಕಂತೆ ಬದಲಾಗಬೇಕು. 'ಮಂಡಿ ಒಳಗೆ ಬಿಡಬೇಡ, ಸೊಂಟ ಹಿಂದೆ ತಗೋ, ತೊಡೆ ಬಿಗಿ ಮಾಡು' ಎಂದು ಒಟ್ಟಿಗೆ ಹೇಳಿದರೆ ಮಗು ತಬ್ಬಿಬ್ಬಾಗುತ್ತದೆ. ಮೈಯ ಭಾಗದ ಬದಲು ಹೊರಗಿನ ಗುರಿ ಕೊಡಿ: 'ಮಂಡಿ ಆ ಕೋನ್ ಕಡೆ ನೋಡಲಿ', 'ಸದ್ದಿಲ್ಲದೆ ಇಳಿ'. ಹೀಗೆ ಕಲಿತದ್ದು ಒತ್ತಡದಲ್ಲೂ ಚೆನ್ನಾಗಿ ಉಳಿಯುತ್ತದೆ. ದೊಡ್ಡವರಿಗೆ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ಅವರಿಗೇ ತೋರಿಸಿ. ಹತ್ತು ಸಲ ಹೇಳಿದ್ದು ಆಗ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಅದೇ ವಿಡಿಯೋ ನೋಡಿ 'ಇವಳಿಗೆ ಮುಂದೆ ಎಸಿಎಲ್ ಹರಿಯುತ್ತದೆ' ಎಂದು ಗುರುತಿಸಲು ಹೋಗಬೇಡಿ. ಅಂಥ ಪರೀಕ್ಷೆ ಇಂದಿಗೂ ಇಲ್ಲ. ಮಂಡಿ ವಾಲುವ ಎಷ್ಟೋ ಹುಡುಗಿಯರಿಗೆ ಏನೂ ಆಗುವುದಿಲ್ಲ, ಚೆನ್ನಾಗಿ ಇಳಿಯುವವರಿಗೂ ಗಾಯವಾಗುತ್ತದೆ. ಹಾಗಾಗಿ ತರಬೇತಿ ಎಲ್ಲರಿಗೂ ಬೇಕು. ನೀ-ಕ್ಯಾಪ್ ವಿಷಯವೂ ಅಷ್ಟೇ. ಬೆಚ್ಚಗಿರುತ್ತದೆ, ಒಂದು ಧೈರ್ಯ ಕೊಡುತ್ತದೆ. ಗಾಯವಾಗದ ಮಂಡಿಯಲ್ಲಿ ಎಸಿಎಲ್ ಹರಿಯುವುದನ್ನು ಅದು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಆ ದುಡ್ಡನ್ನು ಒಬ್ಬ ಒಳ್ಳೆಯ ಫಿಸಿಯೋ ಬಂದು ನಿಮಗೆ ಹಂತಗಳನ್ನು ತೋರಿಸಿಕೊಡಲು ಬಳಸಿ. ಇನ್ನು ನಿದ್ದೆ ಮತ್ತು ಹೊರೆ: ವಾರಕ್ಕೆ ಮಗುವಿನ ವಯಸ್ಸಿಗಿಂತ ಹೆಚ್ಚು ಗಂಟೆ ಒಂದೇ ಆಟದ ತರಬೇತಿ ಬೇಡ. ಎಂಟು ಗಂಟೆಗಿಂತ ಕಡಿಮೆ ನಿದ್ದೆ ಮಾಡುವ ಹದಿವಯಸ್ಸಿನ ಆಟಗಾರರಲ್ಲಿ ಗಾಯ ಹೆಚ್ಚು.

ನಿಮ್ಮ ಮಗಳ ನೋವು ಬಹುಶಃ ಬೇರೆಯದೇ. ಮಂಡಿಚಿಪ್ಪಿನ ಕೆಳಗೆ, ಮೂಳೆ ಸ್ವಲ್ಪ ಉಬ್ಬಿರುವ ಜಾಗದಲ್ಲಿ ಒತ್ತಿದರೆ ನೋವಾಗುತ್ತದೆಯಾ ನೋಡಿ. ಹಾಗಿದ್ದರೆ ಆಸ್ಗುಡ್-ಷ್ಲಾಟರ್ ಎಂಬ ತೊಂದರೆ ಇರಬಹುದು. ತೊಡೆಯ ಮುಂಭಾಗದ ಸ್ನಾಯು ಎಳೆಯುವ ಜಾಗದಲ್ಲಿ ಮೂಳೆ ಇನ್ನೂ ಎಳೆಯದು, ಅಲ್ಲಿ ಕಿರಿಕಿರಿ. ಇದರಿಂದ ಎಸಿಎಲ್‌ಗೆ ಏನೂ ಆಗಿರುವುದಿಲ್ಲ. ಆಟ ಪೂರ್ತಿ ನಿಲ್ಲಿಸಬೇಕಾಗಿಲ್ಲ. ನೆಗೆತ ಮತ್ತು ವೇಗದ ಓಟ ಕಡಿಮೆ ಮಾಡಿ, ಮರುದಿನ ನೋವು ಹೆಚ್ಚಾಗದಷ್ಟು ಆಡಲಿ. ಬೆಳವಣಿಗೆ ನಿಂತಂತೆ ಬಹುಪಾಲು ಮಕ್ಕಳಲ್ಲಿ ತಾನಾಗಿ ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡಂತಾದರೆ, ರಾತ್ರಿ ನೋವಿನಿಂದ ಎಚ್ಚರವಾದರೆ ಅಥವಾ ಕುಂಟಿದರೆ ತಡ ಮಾಡಬೇಡಿ. ಬೆಳೆಯುವ ಮಕ್ಕಳಲ್ಲಿ ಸೊಂಟದ ಕೀಲಿನ ತೊಂದರೆಯೂ ಮಂಡಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಕುಂಟುವ ಮಗುವಿಗೆ ಸೊಂಟವನ್ನೂ ಪರೀಕ್ಷಿಸಲು ನೀವೇ ಕೇಳಿ.

ಕೊನೆಯದಾಗಿ ಗಾಯವಾದ ಹುಡುಗಿ. ಆಪರೇಷನ್ ಆಗಲಿ ಬಿಡಲಿ, ಅವಳನ್ನು ಬೇಗ ಮೈದಾನಕ್ಕೆ ಕರೆಯುವ ಒತ್ತಡ ಎಲ್ಲ ಕಡೆಯಿಂದ ಬರುತ್ತದೆ, ಅವಳ ಮನಸ್ಸಿನಿಂದಲೂ ಬರುತ್ತದೆ. ಎಸಿಎಲ್ ಆಪರೇಷನ್ ನಂತರ ಆಟಕ್ಕೆ ಮರಳುವ 25ರೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದೇ ಕಾಲಿಗೋ ಇನ್ನೊಂದಕ್ಕೋ ಮತ್ತೆ ಗಾಯವಾಗುತ್ತದೆ. ಒಂಬತ್ತು ತಿಂಗಳಿಗೆ ಮುಂಚೆ ಮರಳಿದವರಲ್ಲಿ ಅಪಾಯ ಹೆಚ್ಚು. ತಿಂಗಳ ಲೆಕ್ಕದ ಜೊತೆಗೆ ಎರಡೂ ಕಾಲಿನ ಬಲ ಮತ್ತು ನೆಗೆತವನ್ನು ಅಳೆದು, ಸರಿಸಮ ಬಂದ ಮೇಲೆಯೇ ಆಡಲಿ. ಅಲ್ಲಿಯವರೆಗೆ ಅವಳನ್ನು ತಂಡದಿಂದ ದೂರ ಇಡಬೇಡಿ. ಫಿಸಿಯೋ ಒಪ್ಪಿದ ವ್ಯಾಯಾಮಗಳನ್ನು ವಾರ್ಮ್-ಅಪ್ ಹೊತ್ತಿನಲ್ಲಿ ಎಲ್ಲರ ಜೊತೆಗೇ ಮಾಡಲಿ. ಆಟಕ್ಕೆ ಮರಳಿದ ಮೇಲೂ ಈ 20 ನಿಮಿಷದ ತರಬೇತಿ ಅವಳಿಗೆ ತಪ್ಪಬಾರದು.